ಹೂಂಗುಟ್ಟುವ ರೋಗಿ

20ಕ್ಕೆ 18. ಆ ಅಂಕ ಕೊಟ್ಟವಳು ನಾನೇ. ಕೈಯಲ್ಲಿದ್ದ ಪಟ್ಟಿಯ ಪ್ರಕಾರ ಅದರಲ್ಲಿ ತಪ್ಪೂ ಇರಲಿಲ್ಲ. ಆದರೂ ವರ್ಷಗಳಿಂದ ಅದು ನನ್ನ ಬೆನ್ನು ಬಿಟ್ಟಿಲ್ಲ. ಫಾರ್ಮಸಿ ವಿದ್ಯಾರ್ಥಿಗಳ ಹೊಸ ಬ್ಯಾಚಿಗಾಗಿ ತರಗತಿಯ ಮೂಲೆಯಲ್ಲಿ ಮೇಜು ಜೋಡಿಸಿ ಔಷಧದಂಗಡಿಯ ಕೌಂಟರ್ ಮಾಡುವಾಗ, ಖಾಲಿ ಡಬ್ಬಿಗಳಿಗೆ ಲೇಬಲ್ ಅಂಟಿಸುವಾಗ, ಔಷಧದ ಅಂಶವೇ ಇಲ್ಲದ ಮಾತ್ರೆಗಳನ್ನು ಎಣಿಸಿ ತುಂಬುವಾಗ ಆ ಹುಡುಗಿಯ ಮುಖ ಕಣ್ಣೆದುರು ಬರುತ್ತದೆ. ಅವಳು ಹೇಳಬೇಕಾದ್ದನ್ನೆಲ್ಲ ಹೇಳಿದ್ದಳು. ಎದುರು ಕೂತಿದ್ದ ರೋಗಿ ಎಲ್ಲದಕ್ಕೂ ಹೂಂ ಅಂದಿದ್ದರು. ಆ ರೋಗಿ ನಿಜವಾದ ರೋಗಿಯಾಗಿದ್ದರೆ ಕೆಲವೇ ದಿನಗಳಲ್ಲಿ ಆಸ್ಪತ್ರೆ ಸೇರುವ ಸಾಧ್ಯತೆಯಿತ್ತು.

ನಡೆದದ್ದು ಇಷ್ಟು. ರೋಗಿಯ ಪಾತ್ರಕ್ಕೆ ಅರವತ್ತು ದಾಟಿದ, ಕೆಲಸದಿಂದ ನಿವೃತ್ತರಾದ ಒಬ್ಬರು ಒಪ್ಪಿಕೊಂಡಿದ್ದರು. ನಾವು ಬರೆದುಕೊಟ್ಟ ಕಥೆಯಲ್ಲಿ ಅವರಿಗೆ ಬೆಳಗ್ಗೆ ಎದ್ದಾಗ ಬೆರಳು ಮಡಚಲು ಬರುವುದಿಲ್ಲ. ರುಮಟಾಯ್ಡ್ ಸಂಧಿವಾತ ಎಂದು ಡಾಕ್ಟರು ಹೇಳಿದ್ದಾರೆ, ಮೊದಲ ಸಲ ಮೆಥೋಟ್ರೆಕ್ಸೇಟ್ ಬರೆದಿದ್ದಾರೆ. 2.5 ಮಿಲಿಗ್ರಾಮಿನ ನಾಲ್ಕು ಮಾತ್ರೆ, ವಾರಕ್ಕೊಮ್ಮೆ. ಬೇರೊಂದು ದಿನ ಫೋಲಿಕ್ ಆಸಿಡ್. ಇದರ ಜೊತೆಗೆ ಅವರು ವರ್ಷಗಳಿಂದ ದಿನಾ ಬೆಳಗ್ಗೆ ಬಿಪಿ ಮಾತ್ರೆ ನುಂಗುತ್ತಾರೆ. ಫಾರ್ಮಸಿ ಓದಿದವರಿಗೆ ನಾವು ಈ ಔಷಧವನ್ನೇ ಯಾಕೆ ಆರಿಸಿದೆವೆಂದು ಬಿಡಿಸಿ ಹೇಳಬೇಕಿಲ್ಲ. ವಾರಕ್ಕೊಮ್ಮೆ ನುಂಗಿದರೆ ಕೀಲು ಉಳಿಸುವ ಮಾತ್ರೆ, ದಿನವೂ ನುಂಗಿದರೆ ಮೂಳೆಯೊಳಗಿನ ಮಜ್ಜೆಯನ್ನೇ ಸೊರಗಿಸುತ್ತದೆ. ಮೊದಲು ಬಾಯಿಯಲ್ಲಿ ಹುಣ್ಣು, ಆಮೇಲೆ ಜ್ವರ, ರಕ್ತಕಣಗಳ ಕುಸಿತ. ಈ ಒಂದು ತಪ್ಪಿನಿಂದ ಹಲವು ದೇಶಗಳಲ್ಲಿ ಜನ ಸತ್ತಿದ್ದಾರೆ.

ಹುಡುಗಿ ಚೆನ್ನಾಗಿ ಓದಿಕೊಂಡು ಬಂದಿದ್ದಳು. ನಮಸ್ಕಾರ ಹೇಳಿದಳು, ಹೆಸರು ವಯಸ್ಸು ಕೇಳಿ ಖಚಿತಪಡಿಸಿಕೊಂಡಳು, ಅಲರ್ಜಿ ವಿಚಾರಿಸಿದಳು. ವಾರಕ್ಕೊಮ್ಮೆ ಎಂದಳು. ಮರೆತರೆ ಎರಡರಷ್ಟು ನುಂಗಬೇಡಿ ಎಂದಳು. ಬಾಯಿ ಹುಣ್ಣು, ಗಂಟಲು ನೋವು, ಜ್ವರ, ಒಣಕೆಮ್ಮು ಕಂಡರೆ ಕೂಡಲೇ ಬನ್ನಿ; ಸ್ವಂತಕ್ಕೆ ನೋವಿನ ಮಾತ್ರೆ ತಗೋಬೇಡಿ; ಮೊದಲಿಗೆ ಎರಡೆರಡು ವಾರಕ್ಕೆ ರಕ್ತ ಪರೀಕ್ಷೆ ಇರುತ್ತದೆ. ಏಳು ನಿಮಿಷ, ಒಂದೇ ಉಸಿರು. ನನ್ನ ಪೆನ್ನು ಪಟ್ಟಿಯ ಮೇಲೆ ಸರಸರ ಗುರುತು ಹಾಕುತ್ತ ಇಳಿಯಿತು. ಕೊನೆಗೆ ಅವಳು, "ಎಲ್ಲಾ ಅರ್ಥ ಆಯ್ತಲ್ವಾ ಅಮ್ಮಾ?" ಅಂದಳು. ಅವರು ತಲೆಯಾಡಿಸಿ "ಹೂಂ" ಅಂದರು. ಗಂಟೆ ಬಾರಿಸಿತು.

ಆಮೇಲೆ ಎಲ್ಲರೂ ಸುತ್ತ ಕೂತು ಮಾತಾಡುವಾಗ ನಾನು ಸುಮ್ಮನೆ ಮಾತಿಗೆಂದು ರೋಗಿಯನ್ನು ಕೇಳಿದೆ: "ನಾಳೆ ಬೆಳಗ್ಗೆ ಏನ್ಮಾಡ್ತೀರಮ್ಮಾ?"

"ಬಿಪಿ ಮಾತ್ರೆ ಜೊತೆಗೇ ಈ ನಾಲ್ಕನ್ನೂ ನುಂಗಿಬಿಡ್ತೀನಿ."

"ನಾಡಿದ್ದು?"

"ನಾಡಿದ್ದೂ ಅಷ್ಟೇ."

ಹುಡುಗಿಗೆ ತಡೆಯಲಾಗಲಿಲ್ಲ. "ಅಮ್ಮಾ, ವಾರಕ್ಕೊಂದ್ಸಲ ಅಂತ ಹೇಳಿದ್ನಲ್ಲ!"

"ಹೇಳಿದ್ಯಮ್ಮ. ವಾರದ ಲೆಕ್ಕ ರಕ್ತ ಪರೀಕ್ಷೆಗೆ ಅಲ್ವಾ?"

ನಾನು ಕಾಗದ ತಿರುಗಿಸಿ ನೋಡಿದೆ. ಈ ಗೊಂದಲವನ್ನು ನಾವು ಬರೆದುಕೊಟ್ಟಿರಲಿಲ್ಲ. ಅವರಿಗಿದ್ದ ಸೂಚನೆ ಒಂದೇ: ಕೇಳದ ಹೊರತು ತಾನಾಗಿ ಏನನ್ನೂ ಹೇಳಬಾರದು. ಅವರು ನಟಿಸಿರಲಿಲ್ಲ. ಏಳು ನಿಮಿಷದ ಮಾತಿನ ಮಳೆಯಲ್ಲಿ ಅವರ ಕಿವಿಗೆ ನಿಜಕ್ಕೂ ಬಿದ್ದದ್ದು, ಮನಸ್ಸಿನಲ್ಲಿ ನಿಜಕ್ಕೂ ನಿಂತದ್ದು ಅದು. ಪಟ್ಟಿಯಲ್ಲಿ "ವಾರಕ್ಕೊಮ್ಮೆ ಎಂದು ತಿಳಿಸಿದಳೇ?" ಎಂಬ ಸಾಲಿನ ಮುಂದೆ ನಾನು ಹಾಕಿದ ಗುರುತು ಹಾಗೇ ಇತ್ತು. ತಿಳಿಸಿದ್ದು ಹೌದು. ತಿಳಿದದ್ದು ಇಲ್ಲ. ಕನ್ನಡದಲ್ಲಿ ಆ ಎರಡು ಪದಗಳ ನಡುವೆ ಒಂದೇ ಒಂದು ಅಕ್ಷರದ ಅಂತರ.

ತಾಲೀಮು ಎಂಬ ಮಾತು

ಹೀಗೆ ನಿಜದಂಥ ಸನ್ನಿವೇಶ ಕಟ್ಟಿ ಅಭ್ಯಾಸ ಮಾಡಿಸುವ ಸಿಮ್ಯುಲೇಷನ್ ಎಂಬುದಕ್ಕೆ ಪತ್ರಿಕೆಗಳು 'ಅಣಕು' ಎಂಬ ಪದ ಬಳಸುತ್ತವೆ. ಅಣಕು ಮತದಾನ, ಅಣಕು ಕಾರ್ಯಾಚರಣೆ. ಬೇರೆ ದಾರಿ ಕಾಣದೆ ನಾನೂ ಕೆಲವು ಕಾಲ 'ಅಣಕು ಫಾರ್ಮಸಿ' ಎಂದೇ ಬಾಗಿಲಿಗೆ ಚೀಟಿ ಅಂಟಿಸುತ್ತಿದ್ದೆ. ಆದರೆ ಅಣಕದೊಳಗೆ ಅಣಕಿಸುವುದೂ ಇದೆ. ಒಬ್ಬರ ನಡೆ ನುಡಿಯನ್ನು ತೋರಿಸಿ ನಗುವ ಕಹಿ ಇದೆ. ಈಗ ನಾನು ಹೇಳುವುದು ತಾಲೀಮು ಎಂದು. ಪೈಲ್ವಾನರೂ ನಾಟಕದವರೂ ಒಂದೇ ಹೆಸರಲ್ಲಿ ಕರೆಯುವ ಆ ಕೆಲಸದಲ್ಲಿ ಬೀಳುವುದಕ್ಕೆ ಜಾಗವಿದೆ. ತಾಲೀಮಿನಲ್ಲಿ ಬಿದ್ದವನನ್ನು ಯಾರೂ ಸೋತ ಎನ್ನುವುದಿಲ್ಲ.

ಇದನ್ನು ಮೊದಲು ವೈದ್ಯಕೀಯಕ್ಕೆ ತಂದವರಲ್ಲಿ ದೊಡ್ಡ ಹೆಸರು ಹೊವಾರ್ಡ್ ಬ್ಯಾರೋಸ್ ಅವರದು. ನರರೋಗ ತಜ್ಞ. 1963ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆರೋಗ್ಯವಂತ ಮಹಿಳೆಯೊಬ್ಬರಿಗೆ ರೋಗಿಯ ಲಕ್ಷಣಗಳನ್ನು ಕಲಿಸಿ ವಿದ್ಯಾರ್ಥಿಗಳೆದುರು ಕೂರಿಸಿದರು. ಬಂದ ಟೀಕೆ ಕಡಿಮೆಯದಲ್ಲ. ರೋಗ ಎಂಬ ಗಂಭೀರ ವಿಷಯವನ್ನು ನಾಟಕ ಮಾಡಿಬಿಟ್ಟರು ಎಂದು ಹಲವರಿಗೆ ಅನ್ನಿಸಿತು. ಬ್ಯಾರೋಸ್ ಅವರಿಗೆ ಈ ಯೋಚನೆ ಹೊಳೆಯಲು ಕಾರಣಗಳಲ್ಲಿ ಒಂದಾದ ಪ್ರಸಂಗ ನನಗೆ ತುಂಬ ಇಷ್ಟ. ಪರೀಕ್ಷೆಗಳಿಗೆ ಮತ್ತೆಮತ್ತೆ ಕರೆಸುತ್ತಿದ್ದ ಒಬ್ಬ ನಿಜವಾದ ರೋಗಿ, ತನ್ನನ್ನು ಒರಟಾಗಿ ಮುಟ್ಟಿ ನೋಡಿದವನಿಗೆ ಬೇಕೆಂದೇ ಲಕ್ಷಣಗಳನ್ನು ಬದಲಿಸಿ ತೋರಿಸಿದ್ದಾಗಿ ಅವರ ಬಳಿ ಹೇಳಿಕೊಂಡಿದ್ದನಂತೆ. ಮಲಗಿದ್ದ ರೋಗಿ ಪರೀಕ್ಷಿಸುವವರನ್ನು ತಾನೂ ಅಳೆಯುತ್ತಿದ್ದ, ಎಷ್ಟು ಕೊಡಬೇಕು ಎಷ್ಟು ಮುಚ್ಚಿಡಬೇಕು ಎಂದು ತಾನೇ ತೀರ್ಮಾನಿಸುತ್ತಿದ್ದ. ನಮ್ಮ ಕೌಂಟರಿನ ಎದುರು ನಿಂತವರೂ ಅದನ್ನೇ ಮಾಡುತ್ತಾರೆ. ಅವರ ಹೂಂ ಒಂದು ತೀರ್ಮಾನ: ಈ ಮಾತು ಇಲ್ಲಿಗೆ ಮುಗಿದರೆ ಸಾಕು ಎಂಬುದು.

ತಾಲೀಮು ಎಂದರೆ ಉಸಿರಾಡುವ, ಕಣ್ಣು ಪಿಳುಕಿಸುವ, ನಾಡಿ ಬಡಿಯುವ ದುಬಾರಿ ಬೊಂಬೆಗಳು ಎಂದುಕೊಂಡವರು ಬಹಳ. ಬೊಂಬೆಗೆ ಅದರದೇ ಜಾಗವಿದೆ. ನಿಂತ ಹೃದಯವನ್ನು ಒತ್ತಿ ನಡೆಸುವುದನ್ನು ಮನುಷ್ಯರ ಮೇಲೆ ಕಲಿಯಲಾಗದು. ಆದರೆ ಅರಿವಳಿಕೆ ತಜ್ಞ ಡೇವಿಡ್ ಗಾಬಾ 2004ರಲ್ಲೇ ಸ್ಪಷ್ಟವಾಗಿ ಬರೆದರು, ಸಿಮ್ಯುಲೇಷನ್ ಎಂಬುದು ಯಂತ್ರವಲ್ಲ, ಒಂದು ವಿಧಾನ ಎಂದು. ಫಾರ್ಮಸಿಸ್ಟ್‌ನ ಅತಿ ದೊಡ್ಡ ತಪ್ಪುಗಳು ಆಗುವ ಜಾಗದಲ್ಲಿ ಯಂತ್ರವೇ ಇಲ್ಲ. ಅಲ್ಲಿರುವುದು ಒಂದು ಚೀಟಿ, ಒಂದು ಡಬ್ಬಿ, ಇಬ್ಬರು ಮನುಷ್ಯರು, ಹಿಂದೆ ಕಾಯುತ್ತಿರುವ ಸಾಲು. ಇವಿಷ್ಟನ್ನು ಯಾವ ಕೋಣೆಯಲ್ಲಾದರೂ ಕಟ್ಟಬಹುದು.

ಸರಿ ಸರ್

ಆ ದಿನದ ನಂತರ ನನ್ನನ್ನು ಕೆಣಕಿದ್ದು ಹುಡುಗಿಯ ತಪ್ಪಿಗಿಂತ ಹೂಂ ಎಂಬ ಆ ಸದ್ದು. ಎಲ್ಲೋ ಕೇಳಿದ್ದೇನೆ ಅನ್ನಿಸುತ್ತಿತ್ತು. ಹಲವು ದಿನಗಳ ಮೇಲೆ ಗೊತ್ತಾಯಿತು, ಕೇಳಿದ್ದು ನನ್ನದೇ ಬಾಯಿಂದ.

ಓದು ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಒಬ್ಬ ಹಿರಿಯರು ಹಲ್ಲಿನ ಸೋಂಕಿಗೆ ಬರೆಸಿಕೊಂಡ ಚೀಟಿ ತಂದರು, ಮೆಟ್ರೋನಿಡಜೋಲ್. ಅವರು ನಮ್ಮಲ್ಲೇ ತಿಂಗಳು ತಿಂಗಳು, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್ ಕೊಳ್ಳುತ್ತಿದ್ದವರು, ನನಗೆ ಮುಖಪರಿಚಯವಿತ್ತು. ವಾರ್ಫರಿನ್ ದೇಹದಲ್ಲಿ ಕರಗಿ ಹೋಗುವ ದಾರಿಯನ್ನು ಮೆಟ್ರೋನಿಡಜೋಲ್ ತಡೆಯುತ್ತದೆ, ರಕ್ತ ಹೆಪ್ಪುಗಟ್ಟುವುದು ಇನ್ನಷ್ಟು ನಿಧಾನವಾಗುತ್ತದೆ, ಆ ನಿಧಾನವನ್ನು ಅಳೆಯುವ ಐಎನ್ಆರ್ ಎಂಬ ರಕ್ತ ಪರೀಕ್ಷೆಯ ಅಂಕಿ 2ರಿಂದ 3ರೊಳಗೆ ನಿಲ್ಲಬೇಕಾದ್ದು ಮೇಲೇರುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಅಂತಿಮ ವರ್ಷದಲ್ಲಿ ಇದೇ ಪ್ರಶ್ನೆಗೆ ಪೂರ್ಣ ಅಂಕ ತೆಗೆದಿದ್ದೆ. ಡಾಕ್ಟರಿಗೆ ಫೋನ್ ಮಾಡಿದೆ. ಆ ಕಡೆ ಗದ್ದಲ. "ಸರ್, ಇದು ವಾರ್ಫರಿನ್ ಜೊತೆ ಸ್ವಲ್ಪ ಇಂಟರಾಕ್ಷನ್ ಇದೆ..." ಎಂದು ರಾಗ ಎಳೆದೆ. "ನಾನು ಬರೆದದ್ದು ಕೊಡಮ್ಮ, ಪಾಠ ಹೇಳ್ಬೇಡ" ಎಂದರು. ನಾನು ಹೇಳಿದ್ದು ಎರಡೇ ಮಾತು: ಸರಿ ಸರ್.

ಕೊಟ್ಟು ಕಳಿಸಿದೆ. ವಾರ ಕಳೆದ ಮೇಲೆ ಅವರ ಮಗ ಬಂದು, ವಸಡಿನಲ್ಲಿ ರಕ್ತ ನಿಲ್ಲಲಿಲ್ಲ, ಮೂತ್ರ ಕೆಂಪಾಯಿತು, ಆಸ್ಪತ್ರೆಗೆ ಸೇರಿಸಿದ್ದೇವೆ ಎಂದ. ಅವರು ಚೇತರಿಸಿಕೊಂಡರು. ಎಷ್ಟೋ ದಿನ ನಾನು ಆ ಡಾಕ್ಟರನ್ನು ಮನಸ್ಸಿನಲ್ಲೇ ಬೈದುಕೊಂಡೆ. ಆದರೆ ಫೋನಿನ ಈ ತುದಿಯಲ್ಲಿ ನಿಂತಿದ್ದವಳು ನಾನು. ಇನ್ನೊಮ್ಮೆ ಕರೆ ಮಾಡಬಹುದಿತ್ತು. ಅಮಾಕ್ಸಿಸಿಲಿನ್ ಆಗಬಹುದೇ ಎಂದು ಬದಲಿ ಔಷಧ ಸೂಚಿಸಬಹುದಿತ್ತು. ಏನೂ ಇಲ್ಲದಿದ್ದರೆ ಆ ಹಿರಿಯರಿಗೇ, ಮೂರು ನಾಲ್ಕು ದಿನದಲ್ಲಿ ಐಎನ್ಆರ್ ನೋಡಿಸಿಕೊಳ್ಳಿ, ರಕ್ತ ಕಂಡರೆ ಓಡಿ ಬನ್ನಿ ಎಂದು ಹೇಳಬಹುದಿತ್ತು. ಗೊತ್ತಿಲ್ಲದೆ ಆದ ತಪ್ಪಲ್ಲ ಅದು. ಗೊತ್ತಿದ್ದದ್ದು ಗಂಟಲಲ್ಲೇ ನಿಂತಿತ್ತು. ದೊಡ್ಡವರ ಮಾತಿನೆದುರು ಅಡ್ಡ ಮಾತಾಡುವ ತಾಲೀಮನ್ನು ನನಗೆ ಯಾರೂ ಮಾಡಿಸಿರಲಿಲ್ಲ.

ಅದಕ್ಕೇ ಈಗ ನಮ್ಮಲ್ಲಿ ಫೋನಿನ ತಾಲೀಮು ಇದೆ. ಅದೇ ಸಂಧಿವಾತದ ಅಮ್ಮನಿಗೆ ಮೂತ್ರದ ಸೋಂಕಿಗೆಂದು ಇನ್ನೊಬ್ಬ ಡಾಕ್ಟರು ಕೋ-ಟ್ರೈಮಾಕ್ಸಜೋಲ್ ಬರೆದಿದ್ದಾರೆ. ಮೆಥೋಟ್ರೆಕ್ಸೇಟ್ ಜೊತೆ ಅದು ಸೇರಿದರೆ ಮಜ್ಜೆಗೆ ಎರಡು ಕಡೆಯಿಂದ ಏಟು. ಪಕ್ಕದ ಕೋಣೆಯಲ್ಲಿ ನನ್ನ ಸಹೋದ್ಯೋಗಿ ಡಾಕ್ಟರಾಗಿ ಕೂರುತ್ತಾರೆ. ಅವರಿಗೆ ಕೊಟ್ಟಿರುವ ಸೂಚನೆ: ಮೊದಲ ಮಾತಿಗೆ ಸಿಡುಕಬೇಕು. ವಿದ್ಯಾರ್ಥಿ ಬರೀ "ಇಂಟರಾಕ್ಷನ್ ಇದೆ" ಎಂದರೆ ಫೋನ್ ಇಡಬೇಕು. ಯಾವ ರೋಗಿ, ಏನು ಅಪಾಯ, ಬದಲಿಗೆ ಏನು ಕೊಡಬಹುದು ಎಂದು ಮೂರನ್ನೂ ಬಿಡಿಸಿ ಹೇಳಿದರೆ ಮಾತ್ರ ಮೆತ್ತಗಾಗಬೇಕು. ಲಿಖಿತ ಪರೀಕ್ಷೆಯಲ್ಲಿ ಈ ಜೋಡಿಯನ್ನು ಸರಿಯಾಗಿ ಗುರುತಿಸಿದ ಮಕ್ಕಳೇ ಫೋನ್ ಹಿಡಿದಾಗ ನಡುಗುತ್ತಾರೆ. ಒಬ್ಬ ಹುಡುಗ ರಿಸೀವರ್ ಕೆಳಗಿಟ್ಟು, ಕೈ ಒರೆಸಿಕೊಂಡು, ನಮ್ಮ ಕಡೆ ತಿರುಗಿ, "ಕೊಟ್ಟುಬಿಡಿ ಅಂದ್ರು ಮೇಡಂ" ಎಂದ. ಅವನ ದನಿಯಲ್ಲಿ ನನ್ನ ಹಳೆಯ 'ಸರಿ ಸರ್' ಹಾಗೇ ಕೂತಿತ್ತು.

ಇದಕ್ಕೆ ಸಾಧನಗಳಿವೆ. ಅಮೆರಿಕದ ನೌಕಾದಳದ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗಳಿಗೆ ಬಂದ ಒಂದು ಕ್ರಮ ಇದೆ: ಈಗ ಏನಾಗಿದೆ, ಹಿನ್ನೆಲೆ ಏನು, ನನ್ನ ಅಂದಾಜೇನು, ನನ್ನ ಸಲಹೆ ಏನು. ವಿಮಾನಯಾನದವರಿಂದ ಬಂದ ಇನ್ನೊಂದು ನಿಯಮ, ಮೊದಲ ಸಲ ಕಿವಿಗೆ ಹಾಕಿಕೊಳ್ಳದಿದ್ದರೆ ಕನಿಷ್ಠ ಇನ್ನೊಂದು ಸಲ ಹೇಳಲೇಬೇಕು ಎಂಬುದು. ಓದಿದರೆ ಐದು ನಿಮಿಷದ ಪಾಠ. ಆದರೆ ಎರಡನೆಯ ಸಲ ಬಾಯಿ ತೆರೆಯುವುದು ಓದಿ ಬರುವ ವಿದ್ಯೆಯಲ್ಲ. ಬಾಯಿ ಒಮ್ಮೆ ಒಣಗಬೇಕು, ಎದೆ ಹೊಡೆದುಕೊಳ್ಳಬೇಕು, ಆ ಸ್ಥಿತಿಯಲ್ಲೇ ವಾಕ್ಯ ಪೂರ್ತಿಯಾಗಬೇಕು. ಆ ಹುಡುಗನನ್ನು ಅದೇ ಮಧ್ಯಾಹ್ನ ಮತ್ತೆ ಫೋನಿನೆದುರು ಕೂರಿಸಿದೆವು. ಮೂರನೆಯ ಸಲಕ್ಕೆ ಅವನು, "ಸರ್, ಒಂದು ನಿಮಿಷ, ಇದು ಮುಖ್ಯ" ಎಂದ. ಆ ಐದು ಪದ ಕೇಳಿ ನನಗಾದ ಸಂತೋಷವನ್ನು ಯಾವ ಅಂಕಪಟ್ಟಿಯಲ್ಲಿ ಬರೆಯಲಿ?

ಹಸಿರು ಹೊಳಪು

ಚಿಕ್ಕ ವಿಷಯ, ಆದರೂ ಬಿಡಲಾರೆ. ಇಂಜೆಕ್ಷನ್ ಬೆರೆಸುವುದನ್ನು ಕಲಿಸುವ ಪ್ರಯೋಗಾಲಯದಲ್ಲಿ ಔಷಧದ ಬದಲು ಫ್ಲೋರೆಸೀನ್ ಬಣ್ಣ ಬೆರೆಸಿದ ನೀರು ಕೊಡುತ್ತೇವೆ. ವಿದ್ಯಾರ್ಥಿಗಳು ಗವಸು ತೊಟ್ಟು, ಶುದ್ಧ ಗಾಳಿ ಹರಿಯುವ ಹುಡ್‌ನೊಳಗೆ ಅಂಚಿನಿಂದ ಆರು ಇಂಚು ಒಳಕ್ಕೆ ಕೈಯಿಟ್ಟು, ವಯಲ್‌ನ ಮುಚ್ಚಳವನ್ನು ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಸಿರಿಂಜಿಗೆ ಎಳೆದು ಚೀಲಕ್ಕೆ ಸೇರಿಸುತ್ತಾರೆ. ಎಲ್ಲ ಮುಗಿದ ಮೇಲೆ ದೀಪ ಆರಿಸಿ ಅತಿನೇರಳೆ ದೀಪ ಹಚ್ಚುತ್ತೇವೆ. ಕತ್ತಲಲ್ಲಿ ಹಸಿರು ಚುಕ್ಕೆಗಳು ಏಳುತ್ತವೆ: ಬೆರಳ ತುದಿಯಲ್ಲಿ, ತೋಳಿನ ಮಡಿಕೆಯಲ್ಲಿ, ಮೇಜಿನ ಮೇಲೆ, ಒಮ್ಮೆ ಒಬ್ಬಳ ಕನ್ನಡಕದ ಕಡ್ಡಿಯ ಮೇಲೆ. ಅದು ಕ್ಯಾನ್ಸರ್ ಔಷಧವಾಗಿದ್ದರೆ ಅವಳು ಅದನ್ನು ಮುಖದಲ್ಲಿ ಹೊತ್ತು ಮನೆಗೆ ಹೋಗುತ್ತಿದ್ದಳು.

ಆ ಕತ್ತಲ ಕೋಣೆಯಲ್ಲಿ ನಾನು ಬಾಯಿ ತೆರೆಯುವುದಿಲ್ಲ, ತೆರೆಯಬೇಕಾದ ಅಗತ್ಯವೂ ಬರುವುದಿಲ್ಲ. ಎಲ್ಲರೂ ತಮ್ಮ ತಮ್ಮ ಕೈ ನೋಡಿಕೊಳ್ಳುತ್ತಾರೆ. ಯಾರನ್ನೂ ಬೈಯುವವರಿಲ್ಲ, ಆದರೆ ಮುಂದಿನ ಸಲ ಪ್ರತಿಯೊಬ್ಬರ ಬೆರಳೂ ನಿಧಾನವಾಗಿರುತ್ತದೆ. ಕೌಂಟರಿನಲ್ಲಿ ಇಂಥ ದೀಪ ಇಲ್ಲವಲ್ಲ ಎಂದು ಎಷ್ಟೋ ಸಲ ಕೊರಗಿದ್ದೇನೆ. ಆಡಿದ ಮಾತಿನಲ್ಲಿ ಎಷ್ಟು ಒಳಗೆ ಹೋಯಿತು, ಎಷ್ಟು ಹೊರಗೆ ಚೆಲ್ಲಿತು ಎಂದು ಯಾವ ಬೆಳಕೂ ತೋರಿಸದು. "ನಾಳೆ ಬೆಳಗ್ಗೆ ಏನ್ಮಾಡ್ತೀರಮ್ಮಾ?" ಎಂದು ಅಂದು ನಾನು ಮಾತಿಗೆ ಕೇಳಿದ್ದೇ ಆ ದೀಪವಾಗಿತ್ತು ಎಂದು ಈಗ ಅನ್ನಿಸುತ್ತದೆ. ಪ್ರಶ್ನೆ ಹೂಂ ಎಂಬ ಉತ್ತರಕ್ಕೆ ಎಡೆ ಕೊಡದಂತಿರಬೇಕು. ಅಮೆರಿಕದ ಮೂಲನಿವಾಸಿಗಳಿಗೆ ವೈದ್ಯಸೇವೆ ಕೊಡುವ ಇಂಡಿಯನ್ ಹೆಲ್ತ್ ಸರ್ವಿಸ್‌ನ ಫಾರ್ಮಸಿಸ್ಟ್‌ಗಳು ರೂಢಿಗೆ ತಂದ ಮೂರು ಪ್ರಶ್ನೆಗಳ ಗುಟ್ಟು ಇದೇ. ಈ ಔಷಧ ಯಾತಕ್ಕೆ ಅಂತ ಡಾಕ್ಟರು ಹೇಳಿದ್ರು? ಹೇಗೆ ತಗೋಳ್ಳಿ ಅಂದ್ರು? ತಗೊಂಡ ಮೇಲೆ ಏನಾಗುತ್ತೆ ಅಂದ್ರು? ಮೂರರಲ್ಲಿ ಒಂದಕ್ಕೂ ತಲೆಯಾಡಿಸಿ ತಪ್ಪಿಸಿಕೊಳ್ಳಲಾಗದು. ಮೊದಲು ಮಾತಾಡುವವರು ರೋಗಿ, ನಾವು ತುಂಬಬೇಕಾದ್ದು ಅವರ ಮಾತಿನಲ್ಲಿ ಬಿಟ್ಟುಹೋದ ಜಾಗವನ್ನು ಮಾತ್ರ.

ಮೂರನೆಯ ಹೂಂ

ಇದನ್ನು ಬರೆಯಲು ಸಂಕಟವಾಗುತ್ತದೆ, ಆದರೆ ಬರೆಯದಿದ್ದರೆ ಮೇಲಿನದ್ದೆಲ್ಲ ಅರ್ಧ ಸತ್ಯ. 20ಕ್ಕೆ 18ರ ಆ ದಿನ, ರೋಗಿಯ ಉತ್ತರ ಕೇಳಿ ಎಲ್ಲರೂ ಸುಮ್ಮನಾದಾಗ ನಾನು ಏನು ಮಾಡಿದೆ ಗೊತ್ತೇ? ಎದ್ದು ನಿಂತು ಹತ್ತು ನಿಮಿಷ ಪಾಠ ಮಾಡಿದೆ. ಮೆಥೋಟ್ರೆಕ್ಸೇಟ್ ಅಪಾಯಗಳು, ಸಂವಹನದ ಮಹತ್ವ, ರೋಗಿಯಿಂದ ಹೇಳಿಸಿಕೊಳ್ಳುವ ಕ್ರಮ. ಒಂದೂ ಬಿಡಲಿಲ್ಲ. ಕೊನೆಗೆ ಕೇಳಿದೆ, "ಅರ್ಥ ಆಯ್ತಾ?" ಇಪ್ಪತ್ತು ತಲೆಗಳು ಒಟ್ಟಿಗೆ ಆಡಿದವು. ಹೂಂ ಮೇಡಂ. ಕಣ್ಣು ತುಂಬಿಕೊಂಡು ಕೂತಿದ್ದ ಆ ಹುಡುಗಿಯೂ ಅಂದಳು. ಅವಳು ಮಾಡಿದ ತಪ್ಪನ್ನು ಅವಳಿಗೆ ತಿದ್ದಲು ಹೋಗಿ ಅದೇ ತಪ್ಪನ್ನು ಅವಳ ಮೇಲೇ ಮಾಡಿದ್ದೆ. ಅದು ನನಗೆ ಹೊಳೆದದ್ದು ಆವತ್ತು ರಾತ್ರಿಯಲ್ಲ, ಎಷ್ಟೋ ತಿಂಗಳ ಮೇಲೆ.

ತಾಲೀಮಿನ ನಂತರದ ಆ ಮಾತುಕತೆಯನ್ನು ಡಿಬ್ರೀಫಿಂಗ್ ಎನ್ನುತ್ತಾರೆ. ಕಲಿಕೆ ಹೆಚ್ಚಾಗಿ ನಡೆಯುವುದು ಅಲ್ಲೇ ಎಂದು ಈ ಕೆಲಸದಲ್ಲಿ ಇರುವವರೆಲ್ಲ ಬಲ್ಲರು. ಆದರೂ ಸಮಯ ಮೀರಿದಾಗ ಮೊದಲು ಕತ್ತರಿ ಬೀಳುವುದು ಅದಕ್ಕೇ. ಏಳು ನಿಮಿಷದ ಪ್ರಸಂಗಕ್ಕೆ ಕನಿಷ್ಠ ಅದರ ಎರಡರಷ್ಟು ಹೊತ್ತು ಕೂತು ಮಾತಾಡಬೇಕು ಎಂಬುದು ನನ್ನ ಅನುಭವ. ಬೋಸ್ಟನ್ನಿನ ಸೆಂಟರ್ ಫಾರ್ ಮೆಡಿಕಲ್ ಸಿಮ್ಯುಲೇಷನ್‌ನವರು ಕೋಣೆಗೆ ಕಾಲಿಡುವ ಮುನ್ನ ಒಂದು ನಂಬಿಕೆಯನ್ನು ಎಲ್ಲರ ಮುಂದಿಡುತ್ತಾರೆ: ಇಲ್ಲಿರುವ ಎಲ್ಲರೂ ಬುದ್ಧಿವಂತರು, ಸಮರ್ಥರು, ಚೆನ್ನಾಗಿ ಮಾಡಬೇಕು ಎಂಬ ಮನಸ್ಸುಳ್ಳವರು. ಓದಿದಾಗ ಇದು ಉಪಚಾರದ ಮಾತೆನಿಸಿತ್ತು. ಬಳಸತೊಡಗಿದ ಮೇಲೆ ನನ್ನ ಪ್ರಶ್ನೆಗಳೇ ಬದಲಾದವು. "ಯಾಕೆ ಹೀಗೆ ಮಾಡಿದೆ?" ಎಂದು ಕೇಳುತ್ತಿದ್ದವಳು, ಈಗ ನಾನು ಕಂಡದ್ದನ್ನು ಮೊದಲು ಹೇಳುತ್ತೇನೆ. "ರೋಗಿ ಕೊನೆಯ ಎರಡು ನಿಮಿಷ ಡಬ್ಬಿಯನ್ನೇ ನೋಡುತ್ತಿದ್ದರು, ನಿನ್ನನ್ನಲ್ಲ. ನನಗೆ ಕಳವಳ ಆಯ್ತು. ಆಗ ನಿನ್ನ ತಲೆಯಲ್ಲಿ ಏನು ಓಡುತ್ತಿತ್ತು?" ಆಮೇಲೆ ಕಾಯುತ್ತೇನೆ. ಕಾಯುವುದು ಕಷ್ಟ. ಹತ್ತು ಸೆಕೆಂಡಿನ ಮೌನ ಒಂದು ಯುಗ.

ಕಾದರೆ ಬರುವ ಉತ್ತರಗಳು ಬೇರೆಯೇ. ಒಬ್ಬ ಹೇಳಿದ, "ಪಟ್ಟಿಯಲ್ಲಿ ಇನ್ನೂ ನಾಲ್ಕು ಉಳಿದಿತ್ತು ಮೇಡಂ, ಅದನ್ನು ಮುಗಿಸೋ ಆತುರ." ಅವನು ಸತ್ಯ ಹೇಳಿದ್ದ, ಮತ್ತು ಆ ಪಟ್ಟಿ ಬರೆದವಳು ನಾನು. ರೊನಾಲ್ಡ್ ಹಾರ್ಡನ್ ಮತ್ತು ಜೊತೆಗಾರರು ಸ್ಕಾಟ್ಲೆಂಡಿನ ಡಂಡಿಯಲ್ಲಿ ರೂಪಿಸಿ 1975ರಲ್ಲಿ ಪ್ರಕಟಿಸಿದ, ವೈದ್ಯ ವಿದ್ಯಾರ್ಥಿಗಳ ಪ್ರಾಯೋಗಿಕ ಕೌಶಲ ಅಳೆಯುವ ಓಎಸ್‌ಸಿಇ ಪರೀಕ್ಷೆ, ಒಂದೊಂದು ಠಾಣೆಗೆ ಒಂದೊಂದು ಕೆಲಸ, ಎಲ್ಲರಿಗೂ ಒಂದೇ ಅಳತೆ ಎಂಬ ನ್ಯಾಯವನ್ನು ತಂದಿತು. ಅದರ ಋಣ ದೊಡ್ಡದು. ಆದರೆ ಗುರುತು ಹಾಕುವ ಪಟ್ಟಿ ಎಂಬುದು ಬಾಯಿಪಾಠವನ್ನು ಮೆಚ್ಚುತ್ತದೆ. ಸಂಶೋಧಕ ಬ್ರಯನ್ ಹಾಜಸ್ ಮತ್ತು ಜೊತೆಗಾರರು 1999ರಲ್ಲಿ ತೋರಿಸಿದಂತೆ, ಅನುಭವ ಹೆಚ್ಚಿದಂತೆ ಇಂಥ ಪಟ್ಟಿಯ ಅಂಕ ಹೆಚ್ಚುವುದಿಲ್ಲ. ನುರಿತವರು ಬೇಕಾದ್ದನ್ನಷ್ಟೇ ಕೇಳಿ ಮುಂದೆ ಹೋಗುತ್ತಾರೆ, ಪಟ್ಟಿಗೆ ಅದು ಕಾಣದು. ನಾನು ನಮ್ಮ ಪಟ್ಟಿಯ ಇಪ್ಪತ್ತು ಸಾಲನ್ನು ಎಂಟಕ್ಕೆ ಇಳಿಸಿದೆ. "ವಾರಕ್ಕೊಮ್ಮೆ ಎಂದು ತಿಳಿಸಿದಳೇ?" ಹೋಯಿತು. ಅದರ ಜಾಗದಲ್ಲಿ "ಯಾವ ದಿನ ಎಂಬುದು ರೋಗಿಯ ಬಾಯಿಂದ ಬಂತೇ?" ಬಂತು. ಆ ಸಾಲಿಗೆ ಗುರುತು ಹಾಕುವ ಹಕ್ಕು ನನಗಿಲ್ಲ. ಹಾಕುವವರು ರೋಗಿಯ ಪಾತ್ರದವರು.

ತಾಲೀಮಿನ ಕೊರತೆಯೂ ಹೇಳಬೇಕು. ಅದು ಮಕ್ಕಳಿಗೆ ಸಂಶಯ ಕಲಿಸಿಬಿಡುತ್ತದೆ. ಠಾಣೆಗೆ ಬಂದ ಪ್ರತಿ ಚೀಟಿಯಲ್ಲೂ ಮೇಷ್ಟ್ರು ಏನೋ ಮುಚ್ಚಿಟ್ಟಿದ್ದಾರೆ ಎಂದು ಹುಡುಕುತ್ತಾರೆ, ಸಿಕ್ಕ ಕೂಡಲೇ ಗೆದ್ದೆ ಎಂದುಕೊಳ್ಳುತ್ತಾರೆ. ನಿಜವಾದ ಕೌಂಟರಿನಲ್ಲಿ ಹೆಚ್ಚಿನ ಚೀಟಿಗಳಲ್ಲಿ ಏನೂ ತಪ್ಪಿರುವುದಿಲ್ಲ, ಅದೇ ಅಪಾಯ. ನಲವತ್ತು ಸರಿ ಚೀಟಿಗಳ ನಂತರ ಬರುವ ನಲವತ್ತೊಂದನೆಯದರಲ್ಲಿ ಕಣ್ಣು ಜಾರುತ್ತದೆ. 1.0 ಎಂದು ಬರೆದದ್ದು 10 ಆಗಿ ಕಾಣುವುದು, ಇನ್ಸುಲಿನ್ನಿನ ಮುಂದೆ ಯೂನಿಟ್ ಎಂಬುದಕ್ಕೆ ಹಾಕಿದ ಯು ಅಕ್ಷರ ಸೊನ್ನೆಯಾಗಿ ಕಾಣುವುದು ಆಗಲೇ. ಹಾಗಾಗಿ ನಾನು ಏನೂ ತಪ್ಪಿಲ್ಲದ ಚೀಟಿಗಳನ್ನೇ ರಾಶಿ ಹಾಕಿ, ಬೇಸರ ಬರುವವರೆಗೂ ಮಾಡಿಸುತ್ತೇನೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯ ರೂಪಿಸಿದ ಮೈಡಿಸ್ಪೆನ್ಸ್‌ನಂಥ ಕಂಪ್ಯೂಟರ್ ತಾಲೀಮು ಇದಕ್ಕೆ ತುಂಬ ಒಳ್ಳೆಯದು. ಎಷ್ಟು ಸಲ ತಪ್ಪಿದರೂ ಅದಕ್ಕೆ ಬೇಸರವಿಲ್ಲ, ರಾತ್ರಿ ಹನ್ನೊಂದಕ್ಕೂ ತೆರೆದಿರುತ್ತದೆ. ಆದರೆ ಪರದೆಯ ಮೇಲಿನ ರೋಗಿ ಹೂಂಗುಟ್ಟಿದಾಗ ಆ ಹೂಂ ಯಾವ ಬಗೆಯದು ಎಂದು ಕಿವಿಗೊಡುವಂತಿಲ್ಲ. ಅದಕ್ಕೆ ಎದುರಿಗೊಂದು ಜೀವ ಬೇಕು.

ಬುಧವಾರ

ಆ ಹುಡುಗಿ ಅಂತಿಮ ವರ್ಷಕ್ಕೆ ಬಂದಾಗ ಅದೇ ಠಾಣೆ, ಅದೇ ಔಷಧ, ಅದೇ ಹಿರಿಯ ಮಹಿಳೆ ಎದುರಾದರು. ಬೇಕೆಂದು ನಾನು ಹಾಗೆ ಇಟ್ಟಿರಲಿಲ್ಲ, ಸರದಿ ಹಾಗೆ ಬಿತ್ತು. ಇಬ್ಬರಿಗೂ ಗುರುತು ಸಿಕ್ಕಿತು, ಇಬ್ಬರೂ ತೋರಿಸಿಕೊಳ್ಳಲಿಲ್ಲ.

ಅವಳು ಈ ಸಲ ಕಡಿಮೆ ಮಾತಾಡಿದಳು. ಡಬ್ಬಿಯನ್ನು ಇಬ್ಬರ ನಡುವೆ ಇಟ್ಟು, "ಈ ಮಾತ್ರೆ ದಿನಾ ಅಲ್ಲಮ್ಮಾ, ವಾರದಲ್ಲಿ ಒಂದೇ ದಿನ. ನಿಮಗೆ ನೆನಪಿರೋ ದಿನ ಯಾವುದು?" ಎಂದಳು.

"ಬುಧವಾರ ಇಟ್ಕೊಳ್ಳೋಣ."

ಲೇಬಲ್ಲಿನ ಮೇಲೆ ದೊಡ್ಡದಾಗಿ ಬುಧವಾರ ಎಂದು ಪೂರ್ತಿ ಬರೆದಳು. (ಇಂಗ್ಲಿಷಿನಲ್ಲಿ ಮಂಡೇ ಎಂಬುದನ್ನು ಮೊಟಕಾಗಿ ಬರೆದರೆ ಮಾರ್ನಿಂಗ್ ಎಂದು ಓದಿಬಿಡುವ ಅಪಾಯವಿದೆ, ಆದ್ದರಿಂದ ಸೋಮವಾರ ತಪ್ಪಿಸುವುದು ಲೇಸು ಎಂಬ ಎಚ್ಚರಿಕೆ ಇದೆ. ಅವಳಿಗೆ ಅದು ನೆನಪಿತ್ತೋ ಇಲ್ಲವೋ, ಬುಧವಾರ ಬಂದದ್ದು ರೋಗಿಯಿಂದ.) ನಂತರ ನೋವಿನ ಮಾತ್ರೆಯ ವಿಷಯ, ಬಾಯಿ ಹುಣ್ಣಿನ ವಿಷಯ. ಪ್ರತಿಯೊಂದರ ನಡುವೆ ನಿಲ್ಲಿಸಿದಳು. ರಕ್ತ ಪರೀಕ್ಷೆಯನ್ನು ಕೊನೆಗೆ, ಬೇರೆ ಕಾಗದದ ಮೇಲೆ ಬರೆದು ಕೊಟ್ಟಳು. ಅವರು ಹೂಂ ಅಂದರು. ಪೆನ್ನು ಹಿಡಿದ ನನ್ನ ಕೈ ಬಿಗಿಯಾಯಿತು.

ಅವಳು ಡಬ್ಬಿಯನ್ನು ಅವರ ಕೈಗೆ ಕೊಡಲಿಲ್ಲ. "ಗುರುವಾರ ಬೆಳಗ್ಗೆ ಎದ್ದು ಬಿಪಿ ಮಾತ್ರೆ ತಗೋಳ್ಳೋಕೆ ಹೋಗ್ತೀರಾ, ಪಕ್ಕದಲ್ಲೇ ಇದೂ ಇರುತ್ತೆ. ಆಗ ಏನ್ಮಾಡ್ತೀರಮ್ಮಾ?"

ಅವರು ಡಬ್ಬಿ ನೋಡಿದರು, ಲೇಬಲ್ ನೋಡಿದರು, ಉತ್ತರ ಹೇಳಲಿಲ್ಲ. ನಿಜಕ್ಕೂ ಯೋಚಿಸುತ್ತಿದ್ದರು. ನನ್ನ ಗಡಿಯಾರದಲ್ಲಿ ಇನ್ನೂ ಐವತ್ತು ಸೆಕೆಂಡು ಉಳಿದಿತ್ತು. ಹುಡುಗಿ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು, ಅವರ ಮುಖವನ್ನೇ ನೋಡುತ್ತ, ಸುಮ್ಮನೆ ಕಾದಳು.